ತುಂಬಿದೆ ಎಂಬ ಮಾತು

ನನ್ನ ಅತ್ತೆಯ ಬಾಯಲ್ಲಿ ಮನೆಯ ಯಾವ ಪದಾರ್ಥವೂ ಮುಗಿದದ್ದಿಲ್ಲ. ಅಕ್ಕಿಯ ಡಬ್ಬಕ್ಕೆ ಪಾವು ಹಾಕಿದಾಗ ತಳ ಬಡಿದು ಸದ್ದಾದರೆ ಅವರು ‘ಅಕ್ಕಿ ತುಂಬಿದೆ’ ಅನ್ನುತ್ತಿದ್ದರು. ಉಪ್ಪು, ಅರಿಶಿನ, ಬೇಳೆ, ಎಣ್ಣೆ ಎಲ್ಲಕ್ಕೂ ಅದೇ ಮಾತು. ಇಲ್ಲ, ಖಾಲಿ, ಮುಗೀತು ಎಂಬುದನ್ನು ಅಡುಗೆಮನೆಯಲ್ಲಿ ಆಡಬಾರದು. ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಅವರ ಕಿವಿಗೆ ಬಿದ್ದರೆ ಹಾಗೇ ಆಗಲಿ ಎಂದುಬಿಡುತ್ತಾರೆ ಎಂದು ಅವರ ನಂಬಿಕೆ. ಒಡೆದ ಬಳೆ ಅವರ ಪಾಲಿಗೆ ‘ಹೆಚ್ಚಿದ’ ಬಳೆ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅಂದರೆ ತಡೆದು ನಿಲ್ಲಿಸಿ ‘ಬರ್ತೀನಿ’ ಅನ್ನಿಸಿ ಕಳಿಸುತ್ತಿದ್ದರು.

ನನ್ನ ತವರಿನಲ್ಲೂ ಹೊರಡುವಾಗ ‘ಬರ್ತೀನಿ’ ಅನ್ನುವುದಿತ್ತು. ಆದರೆ ಉಪ್ಪು ಮುಗಿದರೆ ಮುಗಿಯಿತು ಅನ್ನುತ್ತಿದ್ದೆವು. ಹಾಗಾಗಿ ಮದುವೆಯಾದ ಹೊಸತರಲ್ಲಿ ಅತ್ತೆ ಒಳಗಿನಿಂದ “ಉಪ್ಪು ತುಂಬಿದೆ ಕಣಮ್ಮಾ” ಎಂದಾಗ “ಸರಿ ಅತ್ತೆ” ಎಂದು ಸುಮ್ಮನೆ ಕೂತಿದ್ದೆ. ಆವತ್ತು ಎಲ್ಲರೂ ಉಪ್ಪಿಲ್ಲದ ಸಾರು ಉಂಡೆವು. ನನ್ನ ಗಂಡ ನಗುತ್ತ, “ನಮ್ಮನೇಲಿ ಕನ್ನಡ ಉಲ್ಟಾ. ತುಂಬಿದೆ ಅಂದ್ರೆ ಚೀಲ ತಗೊಂಡು ಅಂಗಡಿಗೆ ಓಡ್ಬೇಕು” ಎಂದು ಹೇಳಿಕೊಟ್ಟರು. ವರ್ಷಗಳು ಕಳೆದಂತೆ ನನ್ನ ಕಿವಿಯೂ ಆ ಮನೆಯ ಕಿವಿಯಾಯಿತು. ‘ತುಂಬಿದೆ’ ಎಂಬ ಶಬ್ದ ಬಿದ್ದ ಕೂಡಲೇ ಚಪ್ಪಲಿ ಹುಡುಕುವಷ್ಟು.

ಅತ್ತೆ ಹುಟ್ಟಿದ್ದು ಕೋಣನಕುಂಟೆಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ. ಮದುವೆಯಾಗಿ ಬಂದದ್ದೂ ಹತ್ತಿರದ ಹೊಲಮನೆಗೇ. ಆ ಹೊಲಗಳೆಲ್ಲ ಸೈಟುಗಳಾದ ಮೇಲೆ ಮಾವ ಕುಮಾರಸ್ವಾಮಿ ಲೇಔಟಿನಲ್ಲಿ ಈ ಮನೆ ಕಟ್ಟಿಸಿದರು. ಮೇಲಿನ ಮಹಡಿ ಬಾಡಿಗೆಗೆ, ಕೆಳಗಡೆ ನಾವು. ಮಾವ ತೀರಿಕೊಂಡ ಮೇಲೆ ಉಳಿದವರು ಅತ್ತೆ, ನನ್ನ ಗಂಡ, ನಾನು. ಮಗಳು ಓದಲು ಮೈಸೂರಿನಲ್ಲಿದ್ದಾಳೆ. ನಾದಿನಿ ಗಿರಿನಗರದಲ್ಲಿ. ಅಡುಗೆಮನೆಯ ಒಂದು ಮೂಲೆಯಲ್ಲಿ, ಬಾಗಿಲಿಲ್ಲದ ಪುಟ್ಟ ದೇವರ ಗೂಡು. ಕೂತು ಪೂಜೆ ಮಾಡಲು ಅನುಕೂಲವಾಗಲಿ ಎಂದು ನೆಲಕ್ಕೆ ಹತ್ತಿರವಾಗಿ ಕಟ್ಟಿಸಿದ್ದು. ಒಲೆಯ ಕಟ್ಟೆಯ ಕೆಳಗಿನ ಸಿಲಿಂಡರಿಗೂ ಆ ದೀಪಕ್ಕೂ ನಡುವೆ ಇದ್ದದ್ದು ಅತ್ತೆ ಕೂರುವ ಮಣೆಯಷ್ಟು ಜಾಗ.

ಆ ಬೇಸಿಗೆಯಲ್ಲಿ ಗ್ಯಾಸಿನ ಸುದ್ದಿ ಹಬ್ಬಿತು. ಎಲ್ಲೋ ಸಮುದ್ರದಲ್ಲಿ ಹಡಗುಗಳು ನಿಂತುಬಿಟ್ಟಿವೆಯಂತೆ, ಇನ್ನು ಸಿಲಿಂಡರ್ ಸಿಗುವುದಿಲ್ಲವಂತೆ, ಆಮೇಲೆ ಎಣ್ಣೆಯೂ ಸಿಗುವುದಿಲ್ಲವಂತೆ ಎಂದು ಮೊಬೈಲಿನಲ್ಲಿ ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ಕಳಿಸುತ್ತಿದ್ದರು. ಲಾಕ್‌ಡೌನಿನ ಹೊತ್ತಿನಲ್ಲಿ ಅಂಗಡಿಯ ಮುಂದೆ ಬಳಪದ ವೃತ್ತಗಳಲ್ಲಿ ನಿಂತ ನೆನಪು ನಮಗೆ ಇನ್ನೂ ಹಸಿಯಾಗಿತ್ತು. ಬೇರೆಯವರು ತುಂಬಿಕೊಳ್ಳುವ ಮೊದಲು ನಾವು ತುಂಬಿಕೊಳ್ಳಬೇಕು ಎಂಬ ಭಯ, ಆ ಭಯದ ಬಗ್ಗೆ ಸ್ವಲ್ಪ ನಾಚಿಕೆ, ಎರಡೂ ಇದ್ದವು. ನಾಚಿಕೆಯನ್ನು ಮುಚ್ಚಿಕೊಳ್ಳಲು ‘ಮನೆಯಲ್ಲಿ ವಯಸ್ಸಾದವರಿದ್ದಾರೆ’ ಎಂದು ಹೇಳಿಕೊಂಡೆವು.

ನನ್ನ ಗಂಡ ಯಾವುದನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ. ಬ್ಯಾಂಕಿನಿಂದ ಬರುವಾಗ ದಿನವೂ ಸ್ಕೂಟರಿನ ಮುಂದೆ ಒಂದು ಚೀಲ. ಅಕ್ಕಿ, ರಾಗಿಹಿಟ್ಟು, ಅವಲಕ್ಕಿ, ಹಾಲಿನ ಪುಡಿ, ಮೇಣದ ಬತ್ತಿ, ಕಟ್ಟುಗಟ್ಟಲೆ ಬೆಂಕಿಪೊಟ್ಟಣ, ಡೆಟಾಲು, ಅತ್ತೆಯ ಬಿಪಿ ಮಾತ್ರೆ. ಸಜ್ಜದ ಮೇಲಿದ್ದ ಗೊಂಬೆಗಳ ಪೆಟ್ಟಿಗೆ ಇಳಿದು ಮಂಚದ ಕೆಳಗೆ ಹೋಯಿತು, ಅದರ ಜಾಗಕ್ಕೆ ನೀರಿನ ಕ್ಯಾನುಗಳು ಬಂದವು. ನಮ್ಮ ರಸ್ತೆಯ ತುದಿಯ ದಿನಸಿ ಅಂಗಡಿಯವರು ನನ್ನನ್ನು ನೋಡಿದಾಗಲೆಲ್ಲ ರೇಗಿಸುತ್ತಿದ್ದರು.

“ಏನ್ ಮೇಡಂ, ಮನೇಲಿ ಮದ್ವೆ ಇಟ್ಕೊಂಡಿದ್ದೀರಾ? ನಮ್ಗೂ ಒಂದ್ ಕಾರ್ಡ್ ಕೊಡಿ.”

“ಮದ್ವೆ ಇಲ್ಲ ಅಣ್ಣ, ಭಯ.”

“ಭಯಕ್ಕೆ ಐದ್ ಲೀಟ್ರು ಎಣ್ಣೆ ಸಾಕಾ? ನಿಮ್ ಯಜಮಾನ್ರು ನೆನ್ನೇನೇ ಹತ್ತು ತಗೊಂಡ್ ಹೋದ್ರು.”

ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ತರುತ್ತಿದ್ದೆವು. ಒಂದು ದಿನ ತೊಗರಿಬೇಳೆಯ ಪ್ರಸಂಗ ನಡೆಯಿತು. ಬೆಳಿಗ್ಗೆ ನಾನು ದೊಡ್ಡ ಡಬ್ಬಕ್ಕೆ ಕಂಠದವರೆಗೆ ಬೇಳೆ ಸುರಿದಿದ್ದೆ. ಮಧ್ಯಾಹ್ನ ಬ್ಯಾಂಕಿನಿಂದ ಇವರು ಫೋನ್ ಮಾಡಿ ಅಮ್ಮನನ್ನು ಕೇಳಿದ್ದಾರೆ. ಅತ್ತೆ ಡಬ್ಬ ತೆಗೆದು ನೋಡಿ, ಕಂಡದ್ದನ್ನು ಕಂಡ ಹಾಗೆ, “ತುಂಬಿದೆ” ಎಂದಿದ್ದಾರೆ. ಸಂಜೆ ಮತ್ತೊಂದು ಮೂಟೆ ಬಂತು.

“ಅಮ್ಮ, ತುಂಬಿದೆ ಅಂದ್ಯಲ್ಲ?”

“ತುಂಬಿತ್ತಲ್ಲೋ.”

“ಯಾವ ತುಂಬಿದೆ? ತುಂಬಿ ತುಂಬಿದ್ಯಾ, ಖಾಲಿಯಾಗಿ ತುಂಬಿದ್ಯಾ?”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೆ ನನ್ನ ಗಂಡ ನಗಲಿಲ್ಲ. ಇದು ನಗುವ ಕಾಲವಲ್ಲ, ಮನೆಯಲ್ಲಿ ಏನಿದೆ ಏನಿಲ್ಲ ಅನ್ನುವುದು ಸರಿಯಾಗಿ ಗೊತ್ತಾಗದಿದ್ದರೆ ಇಷ್ಟೆಲ್ಲ ತಂದಿಟ್ಟು ಏನು ಉಪಯೋಗ ಎಂದರು. ಆಮೇಲೆ ಅಮ್ಮನ ಪಕ್ಕ ಕೂತು, ಮಗುವಿಗೆ ಹೇಳುವ ಹಾಗೆ ಮೆತ್ತಗೆ, “ನೋಡಮ್ಮ, ಇನ್ಮೇಲಿಂದ ಇದ್ದಿದ್ದನ್ನ ಇದ್ದ ಹಾಗೇ ಹೇಳು. ಇದ್ರೆ ಇದೆ, ಇಲ್ದಿದ್ರೆ ಇಲ್ಲ. ಸೀದಾ. ಆಯ್ತಾ?” ಎಂದರು.

“ಆಯ್ತಪ್ಪ,” ಎಂದರು ಅತ್ತೆ. ಅವರ ಮುಖದಲ್ಲಿ ಬೇಸರವಿರಲಿಲ್ಲ. ಮಗ ಕೇಳಿದ ಒಂದು ವಸ್ತುವನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟವರ ಹಾಗಿದ್ದರು.

ಆಮೇಲೆ ಕೆಲವು ದಿನ ನಾನು ಗಮನಿಸಿದೆ. ಅವರಿಂದ ‘ಇಲ್ಲ’ ಅನ್ನಲು ಆಗುತ್ತಿರಲಿಲ್ಲ. ಪದಾರ್ಥ ಮುಗಿದಾಗ ‘ತರಬೇಕು’ ಎಂದು ಹೇಳಲು ಶುರುಮಾಡಿದರು. “ಸಾಸಿವೆ ತರ್ಬೇಕು ಕಣಮ್ಮ.” ಅದು ಅವರೇ ಕಂಡುಕೊಂಡ ದಾರಿ; ಅಸ್ತು ದೇವತೆಗಳಿಗೂ ಮಗನಿಗೂ ಇಬ್ಬರಿಗೂ ಒಪ್ಪಿಗೆಯಾಗುವಂಥದ್ದು. ಹಾಗಾದ ಮೇಲೆ ‘ತುಂಬಿದೆ’ ಎಂಬುದಕ್ಕೆ ಅವರಲ್ಲಿ ಬೇರೆ ಕೆಲಸವಿರಲಿಲ್ಲ. ಅದನ್ನು ಅದರ ಸಹಜ ಅರ್ಥಕ್ಕೆ ಬಿಟ್ಟುಕೊಟ್ಟರು. ಅವರ ನಾಲಿಗೆ ಅಷ್ಟು ಬೇಗ ಬದಲಾಯಿತು. ನಮ್ಮ ಕಿವಿ ಬದಲಾಗಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅದೊಂದು ಶನಿವಾರ. ನಮಗಿಬ್ಬರಿಗೂ ಅರ್ಧ ದಿನ ಕೆಲಸವಿತ್ತು. ನಾನು ಜಯನಗರದಲ್ಲಿ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ಬೆಳಿಗ್ಗೆ ನಾವು ಹೊರಟ ಮೇಲೆ ಒಲೆ ಆರಿದೆ. ಅದೇ ಹೊತ್ತಿಗೆ, ಬುಕ್ ಮಾಡಿದ್ದ ಸಿಲಿಂಡರ್ ಬಂದಿದೆ. ಅತ್ತೆ ತಂದವನ ಕೈಯಲ್ಲೇ ಹೊಸದನ್ನು ಜೋಡಿಸಿಕೊಂಡು, ಹಳೆಯದನ್ನು ಕೊಟ್ಟು ಕಳಿಸಿದ್ದಾರೆ. ಇನ್ನೊಂದು ತುಂಬಿದ ಸಿಲಿಂಡರ್ ಮೊದಲಿನಿಂದಲೂ ಪಕ್ಕದಲ್ಲೇ ಗೋಣಿ ಹೊದ್ದು ನಿಂತಿತ್ತು. ಹೊಸದು ಬಂದದ್ದು, ಒಲೆಗೆ ಜೋಡಿಸಿದ್ದು ಯಾವುದೂ ನಮಗೆ ಗೊತ್ತಿರಲಿಲ್ಲ. ನಾವು ಬನಶಂಕರಿಯಲ್ಲಿ ಇನ್ನಷ್ಟು ಸಾಮಾನು ತೆಗೆದುಕೊಂಡು ಮನೆ ಸೇರಿದಾಗ ಸೂರ್ಯ ಇಳಿಯುತ್ತಿದ್ದ. ಅತ್ತೆ ಆಗತಾನೆ ಕೈಕಾಲು ಮುಖ ತೊಳೆದು ದೀಪ ಹಚ್ಚಿ ಕೂತಿದ್ದರು.

ನನ್ನ ಗಂಡ ಚೀಲಗಳನ್ನು ಹಾಲ್‌ನಲ್ಲಿ ಇಳಿಸುತ್ತ ಅಲ್ಲಿಂದಲೇ ಕೂಗಿದರು. “ಅಮ್ಮ, ಗ್ಯಾಸ್ ಹೇಗಿದೆ?”

“ತುಂಬಿದೆ ಕಣಪ್ಪ.”

ನನಗೂ ಕೇಳಿಸಿತು. ನನ್ನ ಮನಸ್ಸಿಗೆ ಬಂದದ್ದು, ಅಯ್ಯೋ, ರಾತ್ರಿ ಅಡುಗೆಗೆ ಮುಂಚೆ ಬದಲಾಯಿಸಬೇಕಲ್ಲ ಎಂದು. ಅವರಿಗೂ ಅದೇ ಬಂದಿರಬೇಕು. “ಸರಿ, ಬದ್ಲಾಯಿಸ್ಬಿಡ್ತೀನಿ,” ಎಂದು ಒಳಗೆ ಹೋದರು. ಅತ್ತೆ ಅಷ್ಟರಲ್ಲಿ ದೇವರ ಕಡೆ ತಿರುಗಿ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಆ ಮಾತು ಅವರ ಕಿವಿಗೆ ಹೋಗಲಿಲ್ಲ.

ಒಲೆ ಹೊತ್ತಿಸಿ ನೋಡಬಹುದಿತ್ತು. ಸಿಲಿಂಡರನ್ನು ಒಮ್ಮೆ ಅಲುಗಾಡಿಸಬಹುದಿತ್ತು. ಖಾಲಿ ಎಂದು ಖಚಿತವಾಗಿರುವುದನ್ನು ಯಾರು ಅಲುಗಾಡಿಸಿ ನೋಡುತ್ತಾರೆ? ಅವರು ಕುಕ್ಕರಗಾಲಲ್ಲಿ ಕೂತು ರೆಗ್ಯುಲೇಟರ್ ಕಿತ್ತರು.

ಬುಸ್ ಎಂದು ಸದ್ದು ಬಂತು. ರೆಗ್ಯುಲೇಟರ್ ತೆಗೆದಾಗ ತಾನೇ ಮುಚ್ಚಿಕೊಳ್ಳಬೇಕಾದ ಒಳಗಿನ ಪಿನ್ನು ಆ ಹೊಸ ಸಿಲಿಂಡರಿನಲ್ಲಿ ಒತ್ತಿಕೊಂಡ ಹಾಗೇ ನಿಂತುಬಿಟ್ಟಿತ್ತು. ಅದು ಖಾಲಿಯಾಗಿದ್ದಿದ್ದರೆ ಪಿನ್ನು ಕೆಟ್ಟದ್ದೂ ಗೊತ್ತಾಗುತ್ತಿರಲಿಲ್ಲ. ತುಂಬಿದ್ದರಿಂದ ಬಿಳಿಯ ಹೊಗೆಯಂಥದ್ದು ಮೇಲಕ್ಕೆ ಚಿಮ್ಮಿ, ಹಾಗೇ ಬಾಗಿ ನೆಲಕ್ಕೆ ಇಳಿಯತೊಡಗಿತು. ಆ ವಾಸನೆ ಹಾಲ್‌ನಲ್ಲಿದ್ದ ನನ್ನ ಗಂಟಲಿಗೆ ಬಂತು. ಅವರು ರೆಗ್ಯುಲೇಟರನ್ನು ತಿರುಗಿ ಕೂರಿಸಲು ನೋಡುತ್ತಿದ್ದರು, ಅದು ಕೂರುತ್ತಿರಲಿಲ್ಲ. ನಾನು ಬಾಗಿಲಿಗೆ ಬಂದೆ. ಅಡುಗೆಮನೆಯಲ್ಲಿ ಏನೇ ವಾಸನೆ ಬಂದರೂ ನನ್ನ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತಿತ್ತು.

“ಸ್ವಿಚ್ ಮುಟ್ಬೇಡ!” ಎಂದು ಅವರು ಕಿರುಚಿದರು. ಇಷ್ಟು ವರ್ಷಗಳಲ್ಲಿ ಅವರು ಆ ದನಿಯಲ್ಲಿ ನನ್ನ ಜೊತೆ ಮಾತಾಡಿದ್ದು ಅದೊಂದೇ ಸಲ.

ನಾನು ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವಳು. ಈ ಅನಿಲ ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ ಎಂಬುದು ಗೊತ್ತಿತ್ತು. ಆ ಹೊತ್ತಿನಲ್ಲಿ ಅದು ಓದಿದ ವಿಷಯವಾಗಿ ನೆನಪಾಗಲಿಲ್ಲ. ಅದು ನೆಲದ ಮೇಲೆ ಎಲ್ಲಿಗೆ ಹೊರಟಿದೆ ಎಂಬುದಷ್ಟೇ ಕಣ್ಣಿಗೆ ಬಿತ್ತು. ಅತ್ತೆಯ ಮಣೆಯ ಕಡೆಗೆ, ದೀಪದ ಕಡೆಗೆ.

ಹಿತ್ತಲ ಬಾಗಿಲಿಗೆ ಓಡಿ ಅದನ್ನು ಪೂರ್ತಿ ತೆರೆದೆ. ಗಾಳಿ ನುಗ್ಗಿತು. ದೀಪದ ಕುಡಿ ಮಲಗಿತು. ಅತ್ತೆ ತಿರುಗಿ ನೋಡಿದರು.

“ಅತ್ತೆ, ದೀಪ!” ಎಂದೆ.

ಅವರು ನನ್ನ ಕಡೆ ನೋಡಿ, ಗೊತ್ತಾಯಿತು ಎಂಬಂತೆ ತಲೆಯಾಡಿಸಿದರು. ಎರಡೂ ಅಂಗೈಗಳನ್ನು ಬೊಗಸೆ ಮಾಡಿ ದೀಪಕ್ಕೆ ಅಡ್ಡ ಹಿಡಿದರು. ಗಾಳಿಗೆ ಆರಬಾರದೆಂದು.

ನಾನು ಇವತ್ತಿಗೂ ನೋಡುವುದು ಅದನ್ನೇ. ಬಸ್ಸಿನಲ್ಲಿ ಕೂತಾಗ, ಆಫೀಸಿನಲ್ಲಿ ಫೀಸಿನ ರಸೀದಿ ಹರಿಯುವಾಗ, ಇದ್ದಕ್ಕಿದ್ದಂತೆ ಆ ಎರಡು ಕೈಗಳು ಕಾಣುತ್ತವೆ. ಅವುಗಳ ನಡುವೆ ಮಲಗಿದ್ದ ಕುಡಿ ನೆಟ್ಟಗಾಗಿ, ನಿಶ್ಚಿಂತೆಯಿಂದ ಉರಿಯುತ್ತದೆ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುತ್ತದೆ. ಅವರ ಹಿಂದೆ, ನೆಲದ ಮೇಲೆ, ಬಿಳಿ ಹೊಗೆ ತೆವಳಿಕೊಂಡು ಬರುತ್ತಿದೆ.

ನಾನು ಸಿಂಕಿನಲ್ಲಿದ್ದ ಒದ್ದೆ ಮಸಿಬಟ್ಟೆಯನ್ನು ಎತ್ತಿ ಅವರ ಕೈಗಳ ಮೇಲಿಂದಲೇ ದೀಪದ ಮೇಲೆ ಹಾಕಿ ಒತ್ತಿದೆ. ಎಣ್ಣೆ ಚೆಲ್ಲಿತು, ಚುಯ್ ಎಂದಿತು, ಕತ್ತಲಾಯಿತು. ಅತ್ತೆ ನನ್ನನ್ನು ನೋಡಿದ ರೀತಿ, ನಾನು ಅವರ ಕೆನ್ನೆಗೆ ಹೊಡೆದಿದ್ದರೂ ಹಾಗೆ ನೋಡುತ್ತಿರಲಿಲ್ಲ. ಮಾತಾಡಲು ಸಮಯವಿರಲಿಲ್ಲ. ತೋಳು ಹಿಡಿದು ಎಬ್ಬಿಸಿ ಮುಂಬಾಗಿಲಿನಿಂದ ರಸ್ತೆಗೆ ಎಳೆದುಕೊಂಡು ಬಂದೆ.

ಒಳಗೆ ನನ್ನ ಗಂಡ ರೆಗ್ಯುಲೇಟರಿನ ಆಸೆ ಬಿಟ್ಟು, ಸಿಲಿಂಡರನ್ನೇ ಹಿತ್ತಲಿಗೆ ಎಳೆದರಂತೆ. ಎಳೆಯುವಾಗಲೇ ಅದರ ಭಾರ ಗೊತ್ತಾದದ್ದು, ಅಮ್ಮ ಹೇಳಿದ್ದು ಏನೆಂದು ಅರ್ಥವಾದದ್ದೂ ಆಗಲೇ ಎಂದು ಆಮೇಲೆ ಹೇಳಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಂದು ನಿಲ್ಲಿಸಿದ ಮೇಲೆ, ಅದರ ಬಿಳಿ ಪ್ಲಾಸ್ಟಿಕ್ ಮುಚ್ಚಳ ದಾರದಲ್ಲಿ ಅದರ ಕೊರಳಿಗೇ ನೇತಾಡುತ್ತಿದ್ದದ್ದು ಕಂಡಿದೆ. ಎರಡೂ ಕೈಯಿಂದ ಒತ್ತಿ ಕೂರಿಸಿದರು. ಸದ್ದು ನಿಂತಿತು.

ರಸ್ತೆಯಲ್ಲಿ ಎಲ್ಲ ಎಂದಿನಂತಿತ್ತು. ಪಾನಿಪುರಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಪಕ್ಕದ ಮನೆಯ ಆಂಟಿ ಗೇಟಿಗೆ ಬಂದು ಮೂಗು ಮುಚ್ಚಿಕೊಂಡು, “ಏನ್ರೀ ಇದು ವಾಸ್ನೆ, ಗ್ಯಾಸಾ? ನಮ್ಮನೇದಾ ನಿಮ್ಮನೇದಾ?” ಎಂದರು. ನಾನು ನಮ್ಮ ಮನೆಯ ಕಡೆ ಬೆರಳು ತೋರಿಸಿದೆ. ಅತ್ತೆಯ ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆಗ ನನಗೆ ನೆನಪಾದದ್ದು ಫ್ರಿಜ್ಜು. ಅದು ಅಡುಗೆಮನೆಯಲ್ಲೇ ಇದೆ. ಆಗಾಗ ಕಟ್ ಎಂದು ತಾನೇ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಶುರುವಾಗಬೇಕು ಅನ್ನಿಸಲಿಲ್ಲ, ಅಷ್ಟೇ. ಅಷ್ಟರಿಂದ ನಾವು ಮೂವರೂ, ಮೇಲಿನ ಮನೆಯವರೂ ಇದ್ದೇವೆ. ಕಟ್ಟೆಯ ಪಕ್ಕದ ಕಪಾಟಿನಲ್ಲಿ ನಾವೇ ತಂದಿಟ್ಟ ಎಣ್ಣೆ ಡಬ್ಬಗಳು, ಬೆಂಕಿಪೊಟ್ಟಣದ ಕಟ್ಟುಗಳು. ಕಷ್ಟಕಾಲಕ್ಕೆಂದು.

ಏಜೆನ್ಸಿಯವರು ಬಂದು ಸಿಲಿಂಡರ್ ತೆಗೆದುಕೊಂಡು ಹೋದ ಮೇಲೆ, ಎಲ್ಲ ಕಿಟಕಿ ತೆರೆದ ಮನೆಯಲ್ಲಿ ಮೂವರೂ ಕೂತೆವು. ನನ್ನ ಗಂಡನ ಬೆರಳುಗಳು ತಣ್ಣನೆಯ ಅನಿಲ ತಾಗಿ ಬೆಳ್ಳಗಾಗಿ ಊದಿದ್ದವು. ಆಗ ಅವರಿಗೆ ಸಿಟ್ಟು ಬಂತು.

“ನಿಂಗೆ ಸೀದಾ ಮಾತಾಡೋಕೆ ಬರಲ್ವೇನಮ್ಮ?”

ಅತ್ತೆ ತಲೆಯೆತ್ತಲಿಲ್ಲ. “ಸೀದಾನೇ ಹೇಳ್ದೆ. ನೀನ್ ಹೇಳ್ಕೊಟ್ಟ ಹಾಗೆ.”



ಮರುದಿನವೇ ಕರೆಂಟಿನ ಒಲೆ ಬಂತು. ಗ್ಯಾಸು ಮುಟ್ಟುವುದು ಬೇಡ, ಅಡುಗೆಮನೆಯಲ್ಲಿ ದೀಪವೂ ಬೇಡ, ಹಾಲ್‌ನ ಕಪಾಟಿನಲ್ಲಿ ದೇವರನ್ನು ಇಡೋಣ ಎಂದು ನನ್ನ ಗಂಡ ಹೇಳಿದರು. ಅದು ಶಿಕ್ಷೆಯಲ್ಲ, ಭಯ. ಆದರೆ ಕೇಳುವವರಿಗೆ ಎರಡರ ದನಿಯೂ ಒಂದೇ. ಅತ್ತೆ ವಾದ ಮಾಡಲಿಲ್ಲ. ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಬೆಳಗಿನ ಕಾಫಿಯನ್ನೂ ನಾನೇ ಮಾಡಿಕೊಡಬೇಕಾಯಿತು. ಅದನ್ನು ಕುಡಿದು ಲೋಟ ತೊಳೆದಿಟ್ಟು ವರಾಂಡದಲ್ಲಿ ಕೂರುತ್ತಿದ್ದರು. ಏನು ಮುಗಿದಿದೆ, ಏನು ಇದೆ ಎಂಬ ಬಗ್ಗೆ ಅವರ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನೇ ಹೋಗಿ, “ಅತ್ತೆ, ಹುಣಸೇಹಣ್ಣು ಇದೆಯಾ?” ಎಂದು ಕೇಳಿದೆ. “ನೀನೇ ನೋಡ್ಕೊಮ್ಮ,” ಎಂದರು. ಆ ವಾರವೇ ನಾದಿನಿಗೆ ಫೋನ್ ಮಾಡಿ, ಗಿರಿನಗರಕ್ಕೆ ಬಂದು ಇರ್ತೀನಿ, ರೂಮ್ ಒರೆಸಿಡು ಎಂದು ಹೇಳುವುದು ನನಗೆ ಕೇಳಿಸಿತು. ಎಷ್ಟು ದಿನಕ್ಕೆ ಎಂದು ಆಕೆ ಕೇಳಿರಬೇಕು. “ನೋಡಣ,” ಎಂದರು.

ಅವರು ಹೋದರೆ ಮನೆ ಏನಾಗುತ್ತದೆ ಎಂಬುದಕ್ಕಿಂತ, ಅವರು ಯಾವ ಭಾವನೆ ಹೊತ್ತು ಹೋಗುತ್ತಾರೆ ಎಂಬುದು ನನ್ನನ್ನು ಕೊರೆಯುತ್ತಿತ್ತು. ತಾನು ಈ ಮನೆಯನ್ನೇ ಸುಟ್ಟುಬಿಡುತ್ತಿದ್ದೆ ಎಂಬ ಭಾವನೆ. ಹಾಗಾಗಿ ಅವರು ಸೀರೆ ಮಡಚುತ್ತಿದ್ದ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, ನನ್ನ ಕಣ್ಣಿನಿಂದ ಹೋಗದಿದ್ದುದನ್ನೇ ಕೇಳಿದೆ. “ಅತ್ತೆ, ಆವತ್ತು ವಾಸನೆ ಬರ್ತಿತ್ತಲ್ಲ. ಆದ್ರೂ ದೀಪಕ್ಕೆ ಯಾಕೆ ಕೈ ಅಡ್ಡ ಹಿಡಿದ್ರಿ?”

ಅವರು ಸೀರೆಯ ಮಡಿಕೆಯನ್ನು ನೇವರಿಸಿದರು.

“ವಾಸ್ನೆ ಬಂತು ಅಂತಾನೇ ಹಿಡ್ದೆ. ಕೆಟ್ಟ ಗಾಳೀಲಿ ದೀಪ ಆರ್ಬಾರ್ದು.”

ನನಗೆ ಅರ್ಥವಾಗಲಿಲ್ಲ. ಅವರು ಹಗೇವಿನ ಕತೆ ಹೇಳಿದರು. ಅವರ ಚಿಕ್ಕಂದಿನಲ್ಲಿ ಮನೆಯ ಮುಂದೆ ನೆಲದಲ್ಲಿ ಆಳವಾಗಿ ತೋಡಿದ ಹಗೇವು ಇತ್ತಂತೆ. ಬಾವಿಯ ಹಾಗೆ ಇಳಿದು, ಒಳಗೆ ಅಗಲವಾಗುವ ಗುಂಡಿ. ಒಳ್ಳೆ ಬೆಳೆ ಬಂದ ವರ್ಷ ಅದಕ್ಕೆ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುವುದು. ಮಳೆ ಕೈಕೊಟ್ಟ ವರ್ಷ ತೆಗೆಯುವುದು. ನಾವು ಸಜ್ಜದ ಮೇಲೆ ಪೇರಿಸಿದ್ದನ್ನು ಅವರು ನೆಲದ ಕೆಳಗೆ ಇಡುತ್ತಿದ್ದರು. ಮುಚ್ಚಿದ ರಾಗಿಯ ಮೇಲೆ ಕೆಟ್ಟ ಗಾಳಿ ನಿಂತಿರುತ್ತದೆ. ತೆರೆದ ತಕ್ಷಣ ಇಳಿದವರು ಹತ್ತಿ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ಕಟ್ಟಿ ದೀಪ ಇಳಿಸುವುದು. ದೀಪ ಉರಿಯುತ್ತಿದ್ದರೆ ಇಳಿಯಬಹುದು. ಆರಿದರೆ ಕಾಯಬೇಕು.

“ನಮ್ ಚಿಕ್ಕಪ್ಪ ಇಳಿಯೋ ದಿನ ದೀಪ ಆರ್ತು. ಗಾಳಿಗೆ ಆರಿರ್ಬೇಕು ಬಿಡು, ಅಂತ ಇಳ್ದ. ಹಗ್ಗ ನಮ್ಮಪ್ಪನ ಕೈಲಿತ್ತು. ನಾನು ಪಕ್ದಲ್ಲಿ ನಿಂತಿದ್ದೆ.” ಆಮೇಲೆ, “ದೀಪ ಇರೋವರ್ಗೂ ಮನುಷ್ಯರಿಗೇನೂ ಆಗಲ್ಲ ಅಂತ ನನ್ ತಲೇಲಿ ಕೂತ್ಬಿಟ್ಟಿದೆ ಕಣಮ್ಮ. ಅವನು ಅಲ್ಲೇ ಕೂತಿದ್ನಲ್ಲ ಕೆಳಗೆ. ನನ್ ಮಗ,” ಎಂದರು.

ಹಾಗಾದರೆ ಆವತ್ತು ಆ ಬೊಗಸೆಯಲ್ಲಿ ಅವರು ಕಾಯುತ್ತಿದ್ದದ್ದು ದೀಪವನ್ನಲ್ಲ. ನಾನು ಬಟ್ಟೆ ಹಾಕಿ ಒತ್ತಿದಾಗ ಅವರು ನೋಡಿದ ನೋಟ ನನಗೆ ಆಗ ಅರ್ಥವಾಯಿತು. ಅವರ ಕಣ್ಣೆದುರಿಗೇ ನಾನು ಹಗ್ಗದ ತುದಿಯ ದೀಪ ಆರಿಸಿದ್ದೆ, ಮಗ ಇನ್ನೂ ಕೆಳಗೆ ಇದ್ದಾಗ.

ಈ ಅನಿಲ ಆ ಗಾಳಿಯ ಹಾಗಲ್ಲ, ಅದು ದೀಪವನ್ನು ಆರಿಸುತ್ತದೆ, ಇದು ದೀಪದಿಂದ ಹೊತ್ತಿಕೊಳ್ಳುತ್ತದೆ ಎಂದು ನಾನು ವಿವರಿಸಿದೆ. ಅವರು ಕೇಳಿಸಿಕೊಂಡು, “ಎರಡೂ ಕೆಳಗೇ ನಿಲ್ತವಾ?” ಎಂದರು. ಹೌದು ಎಂದೆ. “ಹಂಗಾದ್ರೆ ಎಲ್ಲಿ ಏನಿದೆ ಅಂತ ಹೆಂಗಮ್ಮ ಗೊತ್ತಾಗೋದು?” ಎಂದರು.

ಸಂಜೆ ಎಲ್ಲವನ್ನೂ ಗಂಡನಿಗೆ ಹೇಳಿದೆ. ಅವರಿಗೆ ಆ ಚಿಕ್ಕಜ್ಜ ಹಗೇವಿನಲ್ಲಿ ತೀರಿಹೋದರೆಂಬುದು ಗೊತ್ತಿತ್ತು; ಅಮ್ಮ ಪಕ್ಕದಲ್ಲಿ ನಿಂತಿದ್ದರೆಂಬುದು ಗೊತ್ತಿರಲಿಲ್ಲ. ಎದ್ದು ಹೋಗಿ, ವರಾಂಡದಲ್ಲಿ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಏನು ಮಾತಾಡಿಕೊಂಡರೋ ನಾನು ಕೇಳಲು ಹೋಗಲಿಲ್ಲ. ನಡುವೆ ಒಮ್ಮೆ ಅತ್ತೆ “ಬಿಡೋ, ಬೆರಳು ತೋರ್ಸು” ಎಂದದ್ದಷ್ಟೇ ಕೇಳಿಸಿತು.

ಅತ್ತೆ ಗಿರಿನಗರಕ್ಕೆ ಹೋದರು, ಆದರೆ ಹಬ್ಬಕ್ಕೆ ಮುಂಚೆ ತಿರುಗಿ ಬಂದರು. ಹಡಗುಗಳು ಏನಾದವೋ, ನಮ್ಮ ಬೀದಿಗೆ ಸಿಲಿಂಡರ್ ಬರುವುದು ನಿಲ್ಲಲಿಲ್ಲ. ನಾವು ಕೂಡಿಟ್ಟ ರವೆಯಲ್ಲಿ ಹುಳು ಬಿದ್ದವು. ಬಿಸಿಲಿಗೆ ಹಾಕಿ ಜರಡಿ ಹಿಡಿದು ಅಷ್ಟಷ್ಟೇ ಖಾಲಿ ಮಾಡುತ್ತಿದ್ದೇವೆ. ಎಣ್ಣೆಯ ಡಬ್ಬಗಳನ್ನು ಅಡುಗೆಮನೆಯಿಂದ ಹೊರಗೆ ಸಾಗಿಸಿದೆವು. ಕರೆಂಟಿನ ಒಲೆಯಲ್ಲಿ ರಾಗಿಮುದ್ದೆ ತೊಳಸಲು ಆಗುವುದಿಲ್ಲ, ಪಾತ್ರೆ ಗಿರ್ರನೆ ಸುತ್ತುತ್ತದೆ ಎಂದು ಅತ್ತೆ ಬಂದ ದಿನವೇ ತಕರಾರು ತೆಗೆದರು. ತಕರಾರು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಮರುದಿನವೇ ಗೋಣಿ ಹೊದ್ದಿದ್ದ ಸಿಲಿಂಡರನ್ನು ಜೋಡಿಸಿ ಗ್ಯಾಸಿನ ಒಲೆಗೇ ಮರಳಿದೆವು.

ಈಗ ಅವರು ಪದಾರ್ಥಗಳ ಬಗ್ಗೆ ಬಾಯಲ್ಲಿ ಹೇಳುವುದೇ ಇಲ್ಲ. ಡಬ್ಬವನ್ನೇ ಎತ್ತಿಕೊಂಡು ಬಂದು, ಮುಚ್ಚಳ ತೆಗೆದು, ನನ್ನ ಮುಂದೆ ಓರೆ ಮಾಡಿ ಹಿಡಿಯುತ್ತಾರೆ. “ನೋಡು.” ಅಷ್ಟೇ. ನಾನು ಟಿವಿ ನೋಡುತ್ತಿದ್ದರೂ ಸರಿ, ಸ್ನಾನಕ್ಕೆ ಹೊರಟಿದ್ದರೂ ಸರಿ, ನೋಡಿ ತಲೆಯಾಡಿಸುವವರೆಗೂ ಬಿಡುವುದಿಲ್ಲ.

ಹೋದ ವಾರ ಗ್ಯಾಸು ನಿಜವಾಗಿಯೂ ಮುಗಿಯಿತು. ಅತ್ತೆ ಮಗನನ್ನು ಕರೆದು, “ಬಾ, ಎತ್ತಿ ನೋಡು,” ಎಂದರು. ಅವರು ಎತ್ತಿ ನೋಡಿದರು. “ಹಗುರ ಇದೆ ಅಮ್ಮ.” ಅತ್ತೆಗೆ ಸಮಾಧಾನವಾಗಲಿಲ್ಲ, ಒಲೆಯ ಕಿವಿ ತಿರುಗಿಸಿ ಲೈಟರ್ ಒತ್ತಿ, ಹೊತ್ತುವುದಿಲ್ಲವೆಂದು ತೋರಿಸಿದರು. ಆಮೇಲೆ ಹಾಲ್‌ಗೆ ಬಂದು, ಕಪಾಟಿನ ದೇವರ ಮುಂದಿನ ಬತ್ತಿಯನ್ನು ಬೆರಳಿನಿಂದ ಎಣ್ಣೆಯೊಳಗೆ ಎಳೆದು, “ಶಾಂತ ಮಾಡ್ದೆ. ಈಗ ತೆಗಿ,” ಎಂದರು.

ನಾನು ಅಲ್ಲಿ ನಿಲ್ಲಲಾರದೆ ರಸ್ತೆಗೆ ಬಂದೆ. ಸಿಲಿಂಡರ್ ಬದಲಾಯಿಸುವಾಗ ಈಗಲೂ ನನ್ನಿಂದ ಮನೆಯೊಳಗೆ ಇರಲಾಗುವುದಿಲ್ಲ. ಬೇಲಿಯ ದಾಸವಾಳದ ಒಣಗಿದ ಎಲೆ ಕೀಳುವವಳಂತೆ ನಿಂತುಕೊಳ್ಳುತ್ತೇನೆ. ಪಕ್ಕದ ಮನೆಯ ಆಂಟಿಗೆ ಗೊತ್ತು. ಕಂಡರೂ ಕಾಣದ ಹಾಗೆ ಒಳಗೆ ಹೋಗುತ್ತಾರೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಕಿಟಕಿಯ ಕಡೆ ತಿರುಗಿ, “ಆಯ್ತಾ?” ಎಂದು ಕೂಗಿದೆ.

“ಆಯ್ತು,” ಎಂದು ಅತ್ತೆಯ ದನಿ.

“ಏನಾಯ್ತು ಅತ್ತೆ? ಬದ್ಲಾಯಿಸಿ ಆಯ್ತಾ, ಇನ್ನೇನಾದ್ರೂ ಆಯ್ತಾ?”

ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆದು ಅವರೇ ಹೊರಗೆ ಬಂದರು. ಚಪ್ಪಲಿ ಹಾಕಿರಲಿಲ್ಲ. ಮೆಟ್ಟಿಲಿಳಿದು, ಗೇಟು ದಾಟಿ, ನನ್ನ ಮಣಿಕಟ್ಟು ಹಿಡಿದರು.

“ಬಾ, ನೋಡು,” ಎಂದರು.

ನಾನು ಅವರ ಹಿಂದೆ ಒಳಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಅವರು ನನ್ನ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಒಲೆ ಹೊತ್ತಿಸಿ, ನೀಲಿ ಉರಿ ಸುತ್ತಲೂ ಹರಡಿಕೊಳ್ಳುವವರೆಗೆ ಕಾದು, ಅದರ ಮೇಲೆ ಹಾಲಿನ ಪಾತ್ರೆ ಇಟ್ಟರು.